ಗಿರಣಿ ಅವ್ವನ ಕಾಯ್ದೆ

ಆಕೆಯ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಜೋಳದ ಹಿಟ್ಟಿನಿಂದ. ಸೆರಗನ್ನು ಕಿವಿ ಮುಚ್ಚುವಂತೆ ಬಿಗಿದು, ಬಿಸಿ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡುವಾಗ ಆ ಹುಬ್ಬುಗಳು ಗಂಟಾಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಅಫಜಲಪುರದ ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿದವಳು. ಊರಿಗೆಲ್ಲ ಆಕೆ ಗಿರಣಿ ಅವ್ವ.

ಎಂಬತ್ತರ ದಶಕದ ಕರೆಂಟು ಹೇಳಿ ಬರುತ್ತಿರಲಿಲ್ಲ, ಹೇಳಿ ಹೋಗುತ್ತಲೂ ಇರಲಿಲ್ಲ. ಹೋಯಿತೆಂದರೆ ಸರದಿಗೆ ಪಾಳಿ ಹಚ್ಚಿದ ಜೋಳದ ಡಬ್ಬಿಗಳ ಪಕ್ಕದಲ್ಲೇ ಜನ ಕೂತು ರಾಜಕೀಯ ಶುರು ಮಾಡುತ್ತಿದ್ದರು. ಅದಕ್ಕೆ ಅವ್ವ ಒಂದು ಕಾಯ್ದೆ ಮಾಡಿದ್ದಳು. ಯಾವ ಪಾರ್ಟಿಯನ್ನಾದರೂ ಹೊಗಳಿ, ಯಾವುದನ್ನಾದರೂ ಝಾಡಿಸಿ. ಎದುರು ಕೂತ ಮನುಷ್ಯನನ್ನು ಹೀಯಾಳಿಸಿದಿರೋ, ನಿಮ್ಮ ಡಬ್ಬಿ ಪಾಳಿಯ ಕೊನೆಗೆ. ಮತ್ತೆ ಮುಂದೆ ಬರಬೇಕಾದರೆ ಆ ಮನುಷ್ಯನ ವಾದವನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಅವನು "ಹೌದು, ನಾ ಅಂದದ್ದು ಇದೇ" ಅನ್ನಬೇಕು.

ನನಗಾಗ ಇಪ್ಪತ್ತೆರಡು. ಬಿ.ಎ. ಮುಗಿಸಿ ತಲೆತುಂಬ ಭಾಷಣ ಹೊತ್ತುಕೊಂಡು ಊರಿಗೆ ಬಂದಿದ್ದೆ. ವಾಡೆ ಎನ್ನುವ ದೊಡ್ಡ ಮನೆಯಲ್ಲಿದ್ದ ನಮ್ಮೂರಿನ ಸಾವ್ಕಾರರ ಪಾರ್ಟಿಗೇ ಜೀವಮಾನವಿಡೀ ವೋಟು ಹಾಕಿದ ಎಲ್ಲರೂ ಮುತ್ಯಾ ಅನ್ನುವ ಮುದುಕರೊಬ್ಬರು ಅಂದು ಪಾಳಿಯಲ್ಲಿದ್ದರು. "ಮುತ್ಯಾ, ನೀ ಆ ವಾಡೇದ ಬಾಗಿಲಾಗಿನ ನಾಯಿ" ಅಂದುಬಿಟ್ಟೆ. ನಾಲ್ಕು ಜನ ನಕ್ಕರು. ಗೆದ್ದೆ ಅಂದುಕೊಂಡೆ. ಅವ್ವ ಎದ್ದು ಬಂದು ನನ್ನ ಡಬ್ಬಿಯನ್ನು ಕಾಲಿನಿಂದಲೇ ಸರಿಸುತ್ತ ಬಾಗಿಲ ತನಕ ಒಯ್ದಳು.

ಮನೆಯಲ್ಲಿ ಹಿಟ್ಟಿಲ್ಲ, ತಾಯಿ ಕಾಯುತ್ತಿದ್ದಾಳೆ. ಮುತ್ಯಾನ ವಾದ ಹೇಳಲು ಹೋದೆ. ಮೂರು ಸಲ ಹೇಳಿದೆ, ಮೂರು ಸಲವೂ ಮುತ್ಯಾ ಅಲ್ಲವೆಂದು ತಲೆ ಅಲ್ಲಾಡಿಸಿದರು. ಕೊನೆಗೆ ಸೋತು, "ನೀವ ಹೇಳ್ರಿ, ಯಾಕ ಅವರಿಗೇ ಹಾಕ್ತೀರಿ?" ಎಂದು ಕೇಳಿದೆ.

"ನಮ್ಮ ಓಣ್ಯಾಗ ಬಾವಿ ತೋಡ್ಸಿದವ್ರು ಅವರು. ಅಲ್ಲಿತನಕ ನನ್ನ ಹೆಂಡ್ತಿ ಬಸುರಿದ್ದಾಗೂ ಹೊಳಿಯಿಂದ ನೀರು ಹೊತ್ತಾಳ. ನೀ ಆಗ ಹುಟ್ಟಿದ್ದಿಲ್ಲ."

ಅದನ್ನೇ ತಿರುಗಿ ಹೇಳಿದೆ. ಮುತ್ಯಾ ಹೌದೆಂದರು. "ಆದ್ರೂ ನಾ ಒಪ್ಪೂದಿಲ್ಲ" ಅಂದೆ, ಹಟಕ್ಕೆ.

"ಒಪ್ಪು ಅಂತ ಯಾರಂದ್ರೋ ತಮ್ಮಾ?" ಅಂದಳು ಅವ್ವ. "ತಿಳ್ಕೊಂಡು ಜಗಳಾಡು."

ಆಮೇಲೆ ಚುನಾವಣೆ ಬಂತು. ಗಿರಣಿಯಲ್ಲಿ ನಾನು ಸಾವ್ಕಾರರ ವಿರುದ್ಧ ಬೈಗುಳವಿಲ್ಲದೆ, ಲೆಕ್ಕ ಕೊಟ್ಟು ಮಾತಾಡತೊಡಗಿದ್ದೆ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿರಬೇಕು. ಒಂದು ದಿನ ವಾಡೆಯ ವ್ಯವಹಾರ ನೋಡುವ ಕಾರಭಾರಿ ಬಂದು ನಿಂತ.

"ನಾಳಿಂದ ಈ ಹುಡುಗನ್ನ ಗಿರಣಿ ಹತ್ರ ಹತ್ತಿಸ್ಕೋಬ್ಯಾಡ. ಇಲ್ಲಂದ್ರ ವಾಡೇದ ಜ್ವಾಳ ಇಲ್ಲಿ ಬರೂದಿಲ್ಲ ನೋಡು."

ವಾಡೆಯದು ಸಣ್ಣ ಗಿರಾಕಿಯಲ್ಲ. ಆಳುಕಾಳು ಸೇರಿ ವಾರಕ್ಕೆ ಚೀಲಗಟ್ಟಲೆ ಬೀಸಿಸುವ ಮನೆ. ಅವ್ವ ಕೈಯ ಹಿಟ್ಟು ಝಾಡಿಸಿಕೊಂಡಳು.

"ಸಾವ್ಕಾರ್ರನ್ನ ಕರಕೊಂಡು ಬರ್ರಿ. ಇಲ್ಲೇ ಕೂತು ಇವನಿಗೆ ಜವಾಬ್ ಕೊಡ್ಲಿ, ಚಹಾ ನಾ ಕುಡಸ್ತೇನಿ. ಬಾಯಿ ಮುಚ್ಚಸೂ ಕೆಲಸ ನನಗ ಹೇಳಬ್ಯಾಡ್ರಿ. ಇದು ಜ್ವಾಳ ಬೀಸೂ ಜಾಗ, ಮಂದಿನ್ನಲ್ಲ."

ಕಾರಭಾರಿ ಮುತ್ಯಾನ ಕಡೆ ನೋಡಿದ. ತಮ್ಮ ಪಾರ್ಟಿಯ ಮನುಷ್ಯ, ಒಂದು ಮಾತು ಹೇಳಿಯಾನು ಎಂದು. ಮುತ್ಯಾ ಬಾಯೊಳಗಿನ ತಂಬಾಕು ಉಗಿದು ಬಂದರು. "ಇವನ ಮಾತು ನನಗ ಒಂದೂ ಸೇರೂದಿಲ್ಲ. ಖರೆ, ಇವನ್ನ ಹೊರಗ ಹಾಕಿದ್ರ ನಾ ಯಾರ ಕೂಡ ಜಗಳಾಡ್ಲಿ?"

ವಾಡೆಯ ಜೋಳ ನಿಂತಿತು. ವಾಡೆಗೆ ಅಂಜುವವರ ಜೋಳವೂ ನಿಂತಿತು. ಕರೆಂಟ್ ಇದ್ದರೂ ಗಿರಣಿ ಅರ್ಧ ದಿನ ಸುಮ್ಮನಿರುತ್ತಿತ್ತು. ಇದೆಲ್ಲ ನನ್ನಿಂದಲೇ ಎಂದು ನಾನು ಒಂದು ವಾರ ಆ ಕಡೆ ಹಾಯಲಿಲ್ಲ. ಎಂಟನೆಯ ದಿನ ಅವ್ವ ನಮ್ಮ ಮನೆ ಬಾಗಿಲಿಗೇ ಬಂದಳು.

"ಏನಲೇ, ಹೆದರಿ ಕುಂತೀ?"

"ನನ್ನ ಸಲುವಾಗಿ ನಿನ್ನ ಗಿರಣಿ ಬಂದ್ ಆಗೂದು ಬ್ಯಾಡ ಅವ್ವಾ."

"ನೀ ಬರೂದು ಬಿಟ್ರ ಅವ್ರು ಗೆದ್ದಂಗ ಆತು. ಮತ್ತ ನಾ ಅಷ್ಟು ಜ್ವಾಳ ಯಾಕ ಕಳಕೊಂಡೆ? ನಾಳಿ ಬಾ. ಮನ್ಯಾಗ ಜ್ವಾಳ ಇಲ್ಲಂದ್ರ ಖಾಲಿ ಡಬ್ಬಿ ಹಿಡ್ಕೊಂಡು ಬಾ!"

ಹೋದೆ. ಆ ಚುನಾವಣೆಯಲ್ಲಿ ಸಾವ್ಕಾರರ ಎದುರು ನಿಂತ ನಮ್ಮವರು ಸೋತರು. ವಾಡೆಯ ಜೋಳ ಆಕೆ ಬದುಕಿರುವ ತನಕ ತಿರುಗಿ ಬರಲಿಲ್ಲ, ಆಕೆ ಕರೆಯಲೂ ಇಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಹಿಂದಿನ ದಿನದವರೆಗೂ ಗಿರಣಿ ನಡೆಸಿದ್ದಳು.

ಈಗ ನಮ್ಮೂರಿನ ರಾಜಕೀಯವೆಲ್ಲ ಮೊಬೈಲಿನ ಗ್ರೂಪಿನಲ್ಲಿ. ಅದಕ್ಕೆ ನಾನು ಅಡ್ಮಿನ್. ಅದರಲ್ಲೊಬ್ಬ ತರುಣನಿದ್ದಾನೆ, ನಾನು ಬರೆದದ್ದನ್ನೆಲ್ಲ ತಪ್ಪೆಂದು ಸಾಧಿಸುತ್ತಾನೆ, ಬೈಯದೆ, ಕಾರಣ ಕೊಟ್ಟು. ಅವನನ್ನು ತೆಗೆದುಹಾಕು ಎಂದು ನನ್ನ ಕಡೆಯವರೇ ಗಂಟುಬಿದ್ದರು. ತೆಗೆಯುವುದಿಲ್ಲ, ಬೇಸರವಾದವರು ಹೋಗಬಹುದು ಎಂದು ಬರೆದೆ. ಹಳೆಯ ಗೆಳೆಯರು ಹನ್ನೊಂದು ಮಂದಿ ಅಂದೇ ಹೊರಟುಹೋದರು. ಹೋಗಲಿ. ಇವತ್ತು ಬೆಳಿಗ್ಗೆ ಆ ಹುಡುಗ ಮತ್ತೊಂದು ಪ್ರಶ್ನೆ ಹಾಕಿದ್ದಾನೆ. ಉತ್ತರ ಕೊಡುವ ಮೊದಲು ಅವನ ವಾದವನ್ನು ನನ್ನ ಮಾತಿನಲ್ಲಿ ಬರೆದು, "ನೀ ಅಂದದ್ದು ಇದೇ ಏನು?" ಎಂದು ಕೇಳಿದ್ದೇನೆ.