ಕುದಿಸಿದ ದಾರ, ಚಿಮುಕಿಸಿದ ನೀರು

ನಮ್ಮ ಹಿತ್ತಲಿನ ಬಾವಿಯ ಪಕ್ಕದಲ್ಲಿ ಅಗಲವಾದ ಕರಿಕಲ್ಲೊಂದಿದೆ. ಬಟ್ಟೆ ಒಗೆಯುವುದು, ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಪಾತ್ರೆ ಬೆಳಗುವುದು, ಚಳಿಯ ದಿನಗಳಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂಡುವುದು ಎಲ್ಲವೂ ಅದರ ಮೇಲೆಯೇ. ನನ್ನ ನಾದಿನಿ ಗೋದಾವರಿ ನರ್ಸಿನ ತರಬೇತಿಗೆ ಸೇರಿದ ಮೇಲೆ ರವಿವಾರಕ್ಕೊಮ್ಮೆ ಮನೆಗೆ ಬಂದಾಗ ಮೊದಲು ಕೂಡುತ್ತಿದ್ದದ್ದೂ ಆ ಕಲ್ಲಿನ ಮೇಲೆಯೇ. ಮುಂಬಾಗಿಲು ಆಕೆಗಿರಲಿಲ್ಲ. ಹಿತ್ತಲಿನ ಸಂದಿಯಿಂದ ಬಂದು, ಉಟ್ಟ ಸೀರೆಯಲ್ಲೇ ಕುಳಿತು ತಲೆ ಬಗ್ಗಿಸಿದರೆ, ನಾನು ದೂರ ನಿಂತು ತಂಬಿಗೆ ತಂಬಿಗೆ ನೀರು ಸುರಿಯಬೇಕು, ಆಮೇಲೆಯೇ ಹೊಸ್ತಿಲು. ಅದು ನಮ್ಮತ್ತೆಯವರ ಕಟ್ಟಳೆ. ಸುಳ್ಳೇಕೆ ಹೇಳಲಿ, ನನಗೂ ಅದು ಸರಿಯೆಂದೇ ತೋರುತ್ತಿತ್ತು.

ಗೋದಾ ಮಾತ್ರ ನಗುತ್ತಿದ್ದಳು. "ವೈನಿ, ನಮ್ಮ ದೊಡ್ಡ ಸಿಸ್ಟರ್ ಅವ್ವಗಿಂತ ಮಡಿವಂತ್ರು. ಆದ್ರ ಅವರ ಮಡ್ಯಾಗ ಮಂತ್ರ ಇಲ್ಲ, ಬರೇ ಕುದಿಯೋ ನೀರು!"

ಒಳಗಿನಿಂದ ಅತ್ತೆಯವರು, "ನಗವಾ ನಗು. ನಾಳೆ ನಿನ್ನ ಕೈಯಾಗಿನ ನೀರು ಯಾವ ಅತ್ತಿ ಕುಡೀತಾಳ ನೋಡೋಣಂತ" ಎನ್ನುತ್ತಿದ್ದರು.

ಅಷ್ಟೆಲ್ಲ ಅನ್ನಿಸಿಕೊಂಡು ಆ ಕೆಲಸವೇ ಏಕೆ ಬೇಕಿತ್ತೆಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಹದಿನಾರರ ವಯಸ್ಸಿನಲ್ಲಿ ಆಕೆಗೆ ವಿಷಮಶೀತಜ್ವರ ಬಂದು ದವಾಖಾನೆಯಲ್ಲಿ ಇಪ್ಪತ್ತು ದಿನ ಮಲಗಿದ್ದಳು. ಮೊಣಕಾಲುದ್ದದ ಕೂದಲು ಜಡೆಗಟ್ಟಿ ಹುರಿಯಾಗಿತ್ತು. ಕತ್ತರಿಸಿಬಿಡಿರೆಂದು ಮನೆಯವರೇ ಹೇಳಿಬಂದಿದ್ದೆವು. ಅಲ್ಲಿದ್ದ ಒಬ್ಬ ನರ್ಸಬಾಯಿ ಕತ್ತರಿ ಮುಟ್ಟದೆ, ಕೊಬ್ಬರಿ ಎಣ್ಣೆ ಸವರಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಒಂದೊಂದೇ ಎಳೆ ಬಿಡಿಸಿದಳಂತೆ. "ಸೇವಾ, ತ್ಯಾಗ ಅಂತೆಲ್ಲ ನನಗ ತಿಳಿಯೂದಿಲ್ಲ ವೈನಿ. ಆಕಿ ಕೈಯಂಥಾ ಕೈ ನನಗೂ ಬೇಕು ಅನಸ್ತು, ಅಷ್ಟ." ಮನುಷ್ಯರು ಬಾಳಿನ ದೊಡ್ಡ ದಾರಿಗಳನ್ನು ಇಂಥ ಸಣ್ಣ ಸಂದಿಗಳಿಂದಲೇ ಹೊಗುತ್ತಾರೋ ಏನೋ.

ಸೇರಿದ ಮೇಲೆ ಕಂಡದ್ದು ಬೇರೆ. ಮಲಮೂತ್ರದ ಪಾತ್ರೆ ತೊಳೆದು ತೊಳೆದು ಊಟ ಸೇರುತ್ತಿರಲಿಲ್ಲ. ಕೈ ತೊಳೆಯುವ ಕಾರ್ಬಾಲಿಕ್ ಔಷಧದಿಂದ ಬೆರಳಿನ ತುದಿಗಳು ಸೀಳಿ ರಕ್ತ ಒಸರುತ್ತಿತ್ತು. ನಾನು ತುಪ್ಪ ಕೊಟ್ಟರೆ ಹಚ್ಚಿಕೊಂಡು, "ಬೆರಳು ಒಣಗಿದ್ರ ಒಣಗ್ಲಿ ವೈನಿ, ಮನಸು ಒಣಗದಂಗ ನೋಡ್ಕೋಬೇಕು" ಎನ್ನುತ್ತಿದ್ದಳು.

ಮೊದಲ ವರ್ಷ ಮುಗಿಯುತ್ತ ಬಂದಾಗ ನನ್ನ ಎರಡನೆಯ ಹೆರಿಗೆ. ಒಂದು ರವಿವಾರ ಮುಂಜಾನೆ ಆಕೆ ಹಿತ್ತಲಿಗೆ ಕಾಲಿಟ್ಟದ್ದಕ್ಕೂ ನನಗೆ ಬೇನೆ ಏರಿದ್ದಕ್ಕೂ ಸರಿಹೋಯಿತು. ಅಂದು ನೀರು ಸುರಿಯುವವರು ಯಾರು? ಲಗ್ನವಾಗದ ಹುಡುಗಿಯನ್ನು ಹೆರಿಗೆಯ ಕೋಣೆಗೆ ಬಿಡುವ ರೂಢಿ ಇಲ್ಲ. ಆಕೆ ಹಿತ್ತಲಿನ ಒಲೆಯ ಮೇಲೆ ಬ್ಲೇಡು, ದಾರ ಕುದಿಸಿ, ನೀರು ಬಸಿದು, ಮುಚ್ಚಿದ ಪಾತ್ರೆಯನ್ನು ಬಾಗಿಲಲ್ಲಿಟ್ಟು ಸೂಲಗಿತ್ತಿಗೆ ಕೂಗಿ ಹೇಳಿದಳು: "ಬಸವ್ವಾ, ಕೈ ಸಬಕಾರ ಹಚ್ಚಿ ತೊಳಕೋ. ಹೊಕ್ಕಳ ಹುರಿ ಕೊಯ್ಯೋತನಕ ಮುಚ್ಚಳ ತಗೀಬ್ಯಾಡ!"

ಅತ್ತೆಯವರು ಬೆಚ್ಚಿದರು. ಅಂದು ಬಂದವಳೇ ಗೋದಾ, ವಾರ್ಡಿನಲ್ಲಿ ಒಬ್ಬ ಮುದುಕಿ ತೀರಿಕೊಂಡಳು, ನಾನೇ ಮೈ ತೊಳೆದೆ ಎಂದಿದ್ದಳು. "ಹೆಣಾ ಮುಟ್ಟಿದ ಕೈ, ಮೈಮ್ಯಾಲೆ ನೀರೂ ಬಿದ್ದಿಲ್ಲ. ಅದರಿಂದ ಕೂಸಿನ ಹುರಿ ಕೊಯ್ಯೂದಂದ್ರೇನು?" ಬಸವ್ವ ಯಾರ ಮಾತು ಕೇಳಲೆಂದು ನಿಂತುಬಿಟ್ಟಳು. ಆಗ ನನಗೆ ನೋವಿತ್ತು, ಆದರೆ ಬುದ್ಧಿ ನೆಟ್ಟಗಿತ್ತು. ನಾನೇ ಹೇಳಿದೆ: "ಜಗಳ ಬ್ಯಾಡ್ರಿ. ಗೋಮಯ ಚಿಮುಕಿಸಿ ಶುದ್ಧ ಮಾಡಿ ತಗೋರಿ." ಅತ್ತೆಯವರು ಸೆಗಣಿ ಕದಡಿದ ನೀರನ್ನು ಮುಚ್ಚಳ ತೆಗೆದು ಬ್ಲೇಡಿಗೆ, ದಾರಕ್ಕೆ ಚಿಮುಕಿಸಿದರು. ಸಾವಿನ ಮೈಲಿಗೆ ಕೂಸಿಗೆ ತಗುಲದಿರಲೆಂದು ನಾನು ಕೈ ಮುಗಿದೆ. ಹೊರಗಿದ್ದ ಗೋದಾಳಿಗೆ ಇದು ತಿಳಿಯಲಿಲ್ಲ.

ಗಂಡುಕೂಸು. ಆರು ದಿನ ಚೆನ್ನಾಗಿ ಹಾಲು ಕುಡಿಯಿತು. ಆ ಆರು ದಿನಗಳನ್ನು ದೇವರು ಕೊಟ್ಟದ್ದೆಂದು ಇವತ್ತಿಗೂ ಎಣಿಸುತ್ತೇನೆ. ಏಳನೆಯ ದಿನ ಬಾಯಿ ಬಿಡಲಿಲ್ಲ. ಮರುದಿನ ಮುಟ್ಟಿದರೆ ಸಾಕು, ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಧನುರ್ವಾಯು ಎಂದರು ಡಾಕ್ಟರು. ಸಂಜೆಗೆ ಮುಗಿಯಿತು.

ಸುದ್ದಿ ಕೇಳಿ ಓಡಿಬಂದ ಗೋದಾ ನನ್ನೊಬ್ಬಳನ್ನೇ ಕೇಳಿದಳು: "ವೈನಿ, ಬ್ಲೇಡಿಗೆ ಏನರ ತಾಗಿತ್ತೇನು?"

"ಇಲ್ಲವಾ" ಎಂದೆ.

ಏಕೆ ಹಾಗೆಂದೆನೋ ಆ ಕ್ಷಣಕ್ಕೆ ನನಗೇ ತಿಳಿಯಲಿಲ್ಲ. ಆದರೆ ಆಕೆಯ ಪ್ರಶ್ನೆಯಲ್ಲೇ ಉತ್ತರ ನನಗೆ ಕಂಡುಹೋಗಿತ್ತು. ಅತ್ತೆಯವರು ಓಣಿಗೆಲ್ಲ ಕೇಳುವಂತೆ, "ದವಾಖಾನಿ ಸಾವು ತಂದು ನನ್ನ ಮೊಮ್ಮಗಗ ಹಚ್ಚಿದ್ಲು" ಎಂದು ಅತ್ತರು. ತಂಗಿಯನ್ನು ತರಬೇತಿಯಿಂದ ಬಿಡಿಸುವುದೆಂದು ನಮ್ಮ ಮನೆಯವರು ಅರ್ಜಿ ಬರೆದಿಟ್ಟರು. ಗೋದಾ ಎದುರಾಡಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಮೂಲೆಯಲ್ಲಿ ಕುಳಿತು ತನ್ನ ಅಂಗೈಗಳನ್ನೇ ನೋಡುತ್ತ, "ನಾನ ಲಗೂ ಇಳಿಸಿದ್ನೇನೋ... ನೀರು ಪೂರಾ ಕುದ್ದಿರಲಿಲ್ಲೇನೋ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕೂಸು ಹೋಗಿತ್ತು, ಈಗ ಆ ಕೈಗಳೂ ಸಾಯುತ್ತಿದ್ದವು, ಮತ್ತು ಅದನ್ನು ತಡೆಯಬಲ್ಲ ಮಾತು ನನ್ನೊಬ್ಬಳ ಗಂಟಲಿನಲ್ಲಿತ್ತು.

ಮೂರು ದಿನ ನುಂಗಿದೆ. ಹಡೆದು ಕಳೆದುಕೊಂಡವಳೆಂದು ಎಲ್ಲರೂ ನನ್ನ ಮೇಲಿಟ್ಟ ಕನಿಕರ ಹಾಸಿಗೆಯಷ್ಟೇ ಬೆಚ್ಚಗಿತ್ತು, ಎದ್ದು ಹೊರಬರಲು ಮನಸ್ಸಾಗುತ್ತಿರಲಿಲ್ಲ. ನಾಲ್ಕನೆಯ ದಿನ ಮನೆಯವರು ಅರ್ಜಿ ಕಿಸೆಯಲ್ಲಿಟ್ಟು ಚಪ್ಪಲಿ ಮೆಟ್ಟುವಾಗ ಬಾಣಂತಿ ಕೋಣೆಯಿಂದಲೇ ಕೂಗಿದೆ. ಎಲ್ಲ ಹೇಳಿದೆ.

ಗೋದಾ ಬಾಗಿಲಿಗೆ ಬಂದು ನಿಂತಳು. "ಹಂಗಾರ ನಾ ಕುದಿಸಿದ್ದು ಸರಿ ಇತ್ತು" ಎಂದಳು. ಆಮೇಲೆ ತಾನಾಡಿದ್ದು ಯಾರೆದುರಿಗೆ ಎಂಬುದು ಹೊಳೆದು ಬಾಯಿಗೆ ಸೆರಗು ತುರುಕಿಕೊಂಡಳು. ಆ ಮಾತಿಗೆ ನಾನು ಇಂದಿಗೂ ಮುನಿದಿಲ್ಲ. ಅದೂ ಒಂದು ಕೃಪೆಯೇ: ಸತ್ತ ಎರಡರಲ್ಲಿ ಆ ಕೈಗಳಾದರೂ ಬದುಕಿದವು.

ಅರ್ಜಿ ಒಲೆಗೆ ಹೋಯಿತು. ಆದರೆ ಅತ್ತೆಯವರು, "ಮನಿ ಮಾತು ಮನ್ಯಾಗ ಇರ್ಲಿ" ಎಂದರು, ಇರಿಸಿದೆವು. ಗೋದಾ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದರೂ, ಅತ್ತೆಯವರು ತೀರಿಕೊಂಡರೂ, ಓಣಿಯ ಬಸುರಿಯರು ಆಕೆಯ ನೆರಳು ಕಂಡರೆ ಬಾಗಿಲು ಓರೆ ಮಾಡುವುದು ನಿಲ್ಲಲಿಲ್ಲ. ಆಕೆಯೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಾನು ಗೋಮಯವನ್ನೂ ದೂರುವುದಿಲ್ಲ, ದೇವರನ್ನೂ ದೂರುವುದಿಲ್ಲ. ಅಂಗಳ ಸಾರಿಸುವ ಸೆಗಣಿಯನ್ನು ಹುರಿ ಕೊಯ್ಯುವ ಬ್ಲೇಡಿಗೆ ಚಿಮುಕಿಸೆಂದು ಅವನು ಹೇಳಿರಲಿಲ್ಲ.

ಕಳೆದ ರವಿವಾರ ಪಕ್ಕದ ಮನೆಯ ಪದ್ಮಕ್ಕ ಮಗಳು ಸುಶೀಲೆಯನ್ನು ಕರೆದುಕೊಂಡು ಬಂದರು. ಹುಡುಗಿಗೆ ನರ್ಸಾಗುವ ಆಸೆ, ತಾಯಿಗೆ ಅಂಜಿಕೆ. ಗೋದಾ ಬಣ್ಣ ಕಟ್ಟದೆ ಹೇಳಿದಳು: "ಕಾಲು ಬಾವು ಬರ್ತಾವ. ಮಂದಿ ಬಯ್ತಾರ, ಅಳಬ್ಯಾಡ. ಅಳೂದಿದ್ರ ಕೆಲಸ ಮುಗಿಸಿ ಅಳು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ಮತ್ತ, ತಪ್ಪು ಮಾಡಿದ್ರ ಆಗಿಂದಾಗ ಹೇಳಿಬಿಡು. ನೀ ಮುಚ್ಚಿಟ್ಟದ್ದು ಇನ್ನೊಬ್ಬರ ತಲಿ ಮ್ಯಾಲೆ ಕೂಡತದ." ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಹುಡುಗಿ ಮುಗ್ಧವಾಗಿ, "ನಿಮ್ಮ ಕೈಯಾಗ ಯಾರರ ಸತ್ತಾರೇನ್ರಿ, ಅಕ್ಕಾ?" ಎಂದಳು. ಪದ್ಮಕ್ಕ ಮಗಳ ತೊಡೆ ಚಿವುಟಿದ್ದನ್ನು ನಾನು ಕಂಡೆ. ಗೋದಾ ತನ್ನ ಬೆರಳುಗಳನ್ನು ಮಡಿಚಿಕೊಂಡಳು.

"ಚಿವುಟಬ್ಯಾಡ್ರಿ ಪದ್ಮಕ್ಕ" ಎಂದೆ. "ಆಕಿ ಕೇಳಿದ್ದು ನನ್ನ ಕೂಸಿನ ಮಾತು. ಅದು ಗೋದಾನ ಕೈಯಾಗ ಸಾಯಲಿಲ್ಲ. ಹೆಂಗ ಸತ್ತಿತು ಅಂತ ಹೇಳ್ತೇನಿ, ಕೇಳ್ರಿ. ಓಣ್ಯಾಗೂ ಹೇಳ್ರಿ."

ಪದ್ಮಕ್ಕ ಚಹಾದ ಬಟ್ಟಲು ಕೆಳಗಿಟ್ಟರು. ಗೋದಾ, "ಬಿಡ್ರಿ ವೈನಿ" ಎಂದಳು. ನಾನು ಬಿಡಲಿಲ್ಲ.