ಬಾಳೆ ನಾರಿನಲ್ಲಿ ಅಳೆದ ನೆರಳು

ಖಗೋಳಶಾಸ್ತ್ರ ಓದುತ್ತೇನೆಂದು ನಾನು ಹೇಳಿದಾಗ ನಮ್ಮತ್ತೆಗೆ ಅರ್ಥವಾದದ್ದು ಜ್ಯೋತಿಷ್ಯ ಎಂದು. ಅವರು ಅದನ್ನು ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಹೇಳಿದರು. ಅಲ್ಲಿಂದ ಸುದ್ದಿ ಊರಿಗೆ ಹೋಯಿತು. ಒಂದು ವಾರ ಕಳೆಯುವುದರೊಳಗೆ ಪಕ್ಕದ ತೋಟದ ಗೌಡರ ಹೆಂಡತಿ ಮಗಳ ಜಾತಕ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕುಳಿತರು.

"ನಂಗೆ ಅದು ಬರಲ್ಲ ಅಕ್ಕ. ನಾನು ಓದ್ತಿರೋದು ಬೇರೆ" ಎಂದೆ.

"ಗ್ರಹದ ಪುಸ್ತಕ ಅಂದ್ರಲ್ಲ ನಿಮ್ಮತ್ತೆ?"

"ಗ್ರಹ ಎಲ್ಲೈತೆ ಅಂತ ಹೇಳುತ್ತೆ. ಮದುವೆ ಯಾವಾಗ ಅಂತ ಹೇಳಲ್ಲ."

ಅವರು ಕಾಫಿ ಕುಡಿದು, ಜಾತಕವನ್ನು ಮಡಿಚಿಕೊಂಡು ಹೊರಟುಹೋದರು. ಅತ್ತೆ ಲೋಟ ಎತ್ತುತ್ತಾ, "ಓದೋದು ಓದ್ತೀಯ, ನಾಕು ಜನಕ್ಕೆ ಉಪಯೋಗಕ್ಕೆ ಬರೋದು ಓದ್ಬಾರ್ದಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಬಿ.ಎಸ್ಸಿ. ಮುಗಿದ ತಿಂಗಳಲ್ಲೇ ನನ್ನ ಮದುವೆಯಾಗಿ, ಆಲೂರಿನಿಂದ ಬೆಳಗೋಡು ಕಡೆಯ ಈ ಮನೆಗೆ ಬಂದಿದ್ದೆ. ಐದು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಒಂದು ದಿನ ಪೇಪರಿನಲ್ಲಿ, ಅಂಚೆಯ ಮೂಲಕ ಖಗೋಳಶಾಸ್ತ್ರದ ಡಿಪ್ಲೊಮಾ ಕಲಿಸುವ ವಿಶ್ವವಿದ್ಯಾಲಯವೊಂದರ ಜಾಹೀರಾತು ಕಂಡಿತು. ನನ್ನ ಗಂಡ ಅರ್ಜಿ ತಂದುಕೊಟ್ಟರು. ನಾಲ್ಕು ತಿಂಗಳಿಗೊಂದು ಸಲ ಪಾಠಗಳ ಕಟ್ಟು ಬರುತ್ತಿತ್ತು, ಉತ್ತರ ಬರೆದು ಕಳಿಸಿದರೆ ಮುಖ ಕಾಣದ ಒಬ್ಬ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಿದ್ದರು. ಮಳೆಗಾಲದ ಐದು ತಿಂಗಳು ನಮ್ಮಲ್ಲಿ ನಕ್ಷತ್ರವಿರಲಿ, ಸೂರ್ಯನೇ ಅಪರೂಪ. ಆಕಾಶ ನೋಡದೆಯೇ ಆಕಾಶದ ಬಗ್ಗೆ ಪುಟಗಟ್ಟಲೆ ಬರೆದೆ.

ಎರಡನೇ ವರ್ಷ ಪ್ರಾಯೋಗಿಕ ಕೆಲಸ ಕೊಟ್ಟರು. ಸಮತಟ್ಟು ನೆಲದಲ್ಲಿ ಒಂದು ಕೋಲು ನೆಟ್ಟು, ನಲವತ್ತು ದಿನ ನಡುಮಧ್ಯಾಹ್ನದ ನೆರಳಿನ ಉದ್ದ ಅಳೆಯಬೇಕು. ಅದರಿಂದ ನಾವಿರುವ ಜಾಗ ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆ ಎಂದು ಕಂಡುಹಿಡಿಯಬೇಕು. ಗುಡ್ಡದ ಓರೆಯಲ್ಲಿರುವ ನಮ್ಮ ತೋಟದಲ್ಲಿ ಸಮತಟ್ಟಾದ ಜಾಗ ಇದ್ದದ್ದು ಒಂದೇ, ಕಾಫಿ ಒಣಗಿಸುವ ಸಿಮೆಂಟಿನ ಕಣ. ಬಿಸಿಲು ಸಿಗುವ ಜನವರಿಯಲ್ಲೇ ಕಣದ ತುಂಬ ಕಾಫಿ ಹಣ್ಣು.

ಕಣ ಅತ್ತೆಯ ರಾಜ್ಯ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತೋಟ ಉಳಿಸಿಕೊಂಡವರು ಅವರು. ಅಕ್ಷರ ಬರುತ್ತಿರಲಿಲ್ಲ, ಆದರೆ ಒಂದು ಹಿಡಿ ಕಾಫಿಯನ್ನು ಕಿವಿಯ ಹತ್ತಿರ ಕುಲುಕಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಹೆದರುತ್ತಲೇ ಕೇಳಿದೆ. "ಎಷ್ಟು ಜಾಗ ಬೇಕು?" ಎಂದರು. ಕೈಯಲ್ಲಿ ತೋರಿಸಿದೆ. ಮೂಲೆಯ ಕಾಫಿಯನ್ನು ತಾವೇ ಪಕ್ಕಕ್ಕೆ ಎಳೆದುಕೊಟ್ಟರು.

ಒಂದಾಳುದ್ದದ ನೆಟ್ಟನೆಯ ಬಿದಿರು ನೆಟ್ಟು, ಅದರ ಬುಡದಿಂದ ಉತ್ತರಕ್ಕೆ ಸುಣ್ಣದಲ್ಲಿ ಗೆರೆ ಎಳೆದೆ. ನೆರಳು ಗೆರೆಯ ಮೇಲೆ ಕೂತಾಗ ನಡುಮಧ್ಯಾಹ್ನ, ಆಗ ಟೇಪು ಹಿಡಿದು ಅಳೆಯುವುದು. ಅತ್ತೆ ದಿನಾ ನೋಡುತ್ತಿದ್ದರು.

ಹದಿನೆಂಟು ದಿನದ ಲೆಕ್ಕ ಆಗಿತ್ತು. ಆಗ ತವರಿನಲ್ಲಿ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಹಾಸನದ ಆಸ್ಪತ್ರೆಗೆ ಹೋದೆ. ಒಂಬತ್ತು ದಿನ ಅಲ್ಲೇ ಇದ್ದೆ. ನೆರಳಿನ ನೆನಪು ಬಂದದ್ದು ಆಪರೇಷನ್ ಆಗಿ ಅಮ್ಮ ಮಾತಾಡಿದ ಮೇಲೆ. ಅಳು ಬಂತು. ಅಮ್ಮ ನೋವಿನಲ್ಲಿ ಮಲಗಿರುವಾಗ ಕೋಲಿನ ನೆರಳಿಗೆ ಅಳುತ್ತೀನಲ್ಲ ಎಂದು ನಾಚಿಕೆಯೂ ಆಯಿತು.

ವಾಪಸು ಬಂದ ದಿನ ಅತ್ತೆ ಮೊದಲು ಅಮ್ಮನನ್ನು ವಿಚಾರಿಸಿದರು. ನಾನು ಕೈಕಾಲು ತೊಳೆದು ಬಂದ ಮೇಲೆ ಅಡುಗೆಮನೆಗೆ ಕರೆದರು. ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರಿನ ಗಳುವಿಗೆ ಒಂಬತ್ತು ಬಾಳೆ ನಾರುಗಳು ಸಾಲಾಗಿ ನೇತಾಡುತ್ತಿದ್ದವು.

"ನಿನ್ನ ಟೇಪಿನ ಅಂಕಿ ನಂಗೆ ಗೊತ್ತಾಗಕಿಲ್ಲ. ನೆಲದ ಮೇಲೆ ಗುರುತು ಹಾಕಿದ್ರೆ ಕಾಫಿ ಕೆದಕೋರು ಅಳಿಸ್ಬುಡ್ತಾರೆ. ಅದ್ಕೆ ನೆರಳು ಗೆರೆ ಮೇಲೆ ಬಂದಾಗ ನಾರು ಹಿಡ್ದು ಕತ್ತರಿಸ್ದೆ. ಈ ಕಡೆಯದು ನೀನು ಹೋದ ದಿನದ್ದು, ಆ ಕೊನೇದು ಇವತ್ತಿಂದು" ಎಂದರು.

ಅವರ ಕಾಲಿಗೆ ಬಿದ್ದೆ. "ಏಳೇ, ಕಾಫಿ ಕುದೀತಾ ಐತೆ" ಎಂದರು.

ಮಾರನೆಯ ದಿನ ನಾರುಗಳನ್ನು ಅಳೆದೆ. ಒಂದೂ ಸರಿಯಿರಲಿಲ್ಲ. ನನ್ನ ಹದಿನೆಂಟು ದಿನಗಳ ಸಾಲಿಗೆ ಅವು ಸೇರುತ್ತಿರಲಿಲ್ಲ, ಹೆಚ್ಚಿನವು ಎರಡು ಬೆರಳಿನಷ್ಟು ಗಿಡ್ಡ. ಪಾಠದ ಪುಸ್ತಕದ ಕೊನೆಯಲ್ಲಿ ಸೂರ್ಯ ಯಾವ ದಿನ ಎಲ್ಲಿರುತ್ತಾನೆ ಎಂಬ ಪಟ್ಟಿ ಇತ್ತು. ಅದನ್ನು ನೋಡಿ ಆ ಒಂಬತ್ತು ದಿನಗಳ ನೆರಳನ್ನು ಕೂತಲ್ಲೇ ಲೆಕ್ಕ ಹಾಕಿ ಬರೆಯಬಹುದಿತ್ತು.

"ಹಂಗೇ ಬರ್ದ್ಬುಡು. ಯಾರ್ ಬಂದು ನೋಡ್ತಾರೆ?" ಎಂದರು ನನ್ನ ಗಂಡ.

ಪೆನ್ನು ಹಿಡಿದು ಎರಡು ದಿನದ್ದನ್ನು ಬರೆದೂ ಬಿಟ್ಟೆ. ಆಮೇಲೆ ಹಾಳೆ ಹರಿದು ಹಾಕಿದೆ. ಅತ್ತೆ ಬಿಸಿಲಲ್ಲಿ ಬಗ್ಗಿ ನಿಂತು ಕತ್ತರಿಸಿದ ನಾರು ಗಳುವಿನಲ್ಲಿತ್ತು. ಅದನ್ನು ಬಿಟ್ಟು ಪುಸ್ತಕದ ಅಂಕಿ ಬರೆಯಲು ಮನಸ್ಸು ಒಪ್ಪಲಿಲ್ಲ. ತಪ್ಪಾಗಿದೆ ಎಂದು ಅವರಿಗೆ ಹೇಳಲೂ ಬಾಯಿ ಬರಲಿಲ್ಲ.

ಅವರೇ ಕೇಳಿದರು. "ಯಾಕೆ ಸಪ್ಪಗಿದ್ದೀಯ?" ಹೇಳಿದೆ. ಅವರ ಮುಖ ಬಿಗಿಯಿತು.

"ಒಂದು ಕೂದಲೆಳೆ ತಪ್ಪಿಲ್ಲ ಕಣೇ. ನಾನು ಕಣ್ಣಾರೆ ನೋಡಿ ಕತ್ತರ್ಸಿದ್ದು."

ಆ ಮಧ್ಯಾಹ್ನ ನನಗೆ ಊಟ ಬಡಿಸಿಟ್ಟು ಕಣಕ್ಕೆ ಹೋಗಿಬಿಟ್ಟರು. ಸಂಜೆ ದೇವರಿಗೆ ಹೂ ಕಟ್ಟುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೂಗಿದರು. "ಏಯ್ ಬಾರೇ ಇಲ್ಲಿ! ನಾನು ಕತ್ತರಿಸಿದ್ದು ಹಸಿ ನಾರು ಕಣೇ. ಒಲೆ ಮೇಲೆ ಒಣಗಿದ್ರೆ ಕುಗ್ಗದೆ ಇರುತ್ತಾ?"

ತಕ್ಷಣ ಹಿತ್ತಲಿನ ಅದೇ ಬಾಳೆಯಿಂದ ಹಸಿ ನಾರು ಸೀಳಿ ತಂದೆವು. ಅಳೆದು ಅದೇ ಗಳುವಿಗೆ ಕಟ್ಟಿದೆವು. ದಿನಾ ಬೆಳಿಗ್ಗೆ ಇಬ್ಬರೂ ಅದನ್ನು ಅಳೆಯುತ್ತಿದ್ದೆವು. ಕುಗ್ಗುತ್ತಾ ಬಂದು ಐದನೇ ದಿನಕ್ಕೆ ನಿಂತಿತು. ಎಷ್ಟು ಉದ್ದಕ್ಕೆ ಎಷ್ಟು ಕುಗ್ಗಿತೆಂದು ಲೆಕ್ಕ ಹಾಕಿ, ಅಷ್ಟರಲ್ಲಿ ಪೂರ್ತಿ ಒಣಗಿದ್ದ ಒಂಬತ್ತನ್ನೂ ಮತ್ತೆ ಅಳೆದು ಅಷ್ಟಷ್ಟು ಸೇರಿಸಿದೆ. ಎಂಟು ನಾರುಗಳು ನನ್ನ ಸಾಲಿಗೆ ಬಂದು ಸೇರಿದವು. ಆರನೆಯದು ಮಾತ್ರ ಸಾಲಿಗಿಂತ ಉದ್ದವಾಯಿತು.

ಅದನ್ನು ಹಿಡಿದು ಅತ್ತೆಯ ಮುಂದೆ ನಿಂತೆ. ಅವರು ನನ್ನ ಕಡೆ ನೋಡಲಿಲ್ಲ.

"ಆವತ್ತು ಮೋಡ ಇತ್ತು" ಎಂದರು. "ನೆರಳೇ ಬೀಳ್ಲಿಲ್ಲ. ಒಂದು ದಿನ ಇಲ್ಲ ಅಂದ್ರೆ ನೀನು ಬೇಜಾರ್ ಮಾಡ್ಕೊಂತೀಯ ಅಂತ ಅಂದಾಜಲ್ಲಿ ಕತ್ತರಿಸ್ಬುಟ್ಟೆ."

ಇಬ್ಬರೂ ನಕ್ಕೆವು. ಅವರಿಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ನಾನು ಹಾಳೆಯಲ್ಲಿ ಎರಡು ದಿನದ್ದು ಸುಳ್ಳು ಬರೆದು ಹರಿದು ಹಾಕಿದ್ದನ್ನು ಆಗ ಅವರಿಗೆ ಹೇಳಿದೆ. "ಹಂಗಾದ್ರೆ ನೀನೂ ನನ್ ಹಂಗೆಯ" ಎಂದರು.

ನಲವತ್ತು ದಿನ ಮುಗಿದ ಮೇಲೆ ವರದಿಯಲ್ಲಿ ಎಲ್ಲವನ್ನೂ ನಡೆದ ಹಾಗೆಯೇ ಬರೆದೆ. ಒಂಬತ್ತು ದಿನ ನಾನಿರಲಿಲ್ಲ, ನಮ್ಮತ್ತೆ ಬಾಳೆ ನಾರಿನಲ್ಲಿ ಅಳೆದರು, ನಾರು ಕುಗ್ಗಿತು, ಇಷ್ಟು ಸೇರಿಸಿದ್ದೇನೆ, ಆರನೇ ದಿನ ಮೋಡ. ಕೊನೆಗೆ ಬಂದ ಉತ್ತರ ಹದಿಮೂರು ಡಿಗ್ರಿಗೆ ಸ್ವಲ್ಪ ಕಡಿಮೆ. ಭೂಪಟದಲ್ಲಿ ನೋಡಿದೆ. ಸರಿಯಾಗಿತ್ತು.

ಏಪ್ರಿಲ್‌ನಲ್ಲಿ ವರದಿ ವಾಪಸು ಬಂತು. ಬಾಳೆ ನಾರಿನ ಪುಟದ ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇಡೀ ವರದಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಪುಟ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ." ಓದಿ ಹೇಳಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡರು. ಎಲ್ಲಿ ಬರೆದಿದ್ದಾರೆ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ.

ಪ್ರಾಯೋಗಿಕದಲ್ಲಿ ಒಳ್ಳೆಯ ಅಂಕ ಬಂದರೂ ಗಣಿತದ ಪತ್ರಿಕೆಯಲ್ಲಿ ನಾನು ಫೇಲಾದೆ. ಮತ್ತೆ ಕಟ್ಟಿದೆ. ಆ ಸಲ ಪರೀಕ್ಷೆಗೆ ಹಾಸನಕ್ಕೆ ಹೊರಟಾಗ ಅತ್ತೆಯೂ ಸೀರೆ ಬದಲಾಯಿಸಿ ಬಸ್ಸು ಹತ್ತಿದರು. ಮೂರು ಗಂಟೆ ಹೊರಗೆ ಮರದ ಕೆಳಗೆ ಕೂತಿದ್ದರಂತೆ. ನಾನು ಬಂದಾಗ ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿಗೆ ಹೇಳುತ್ತಿದ್ದರು: "ಅದು ಜಾತಕದ್ದಲ್ಲ ಕಣವ್ವ. ಸೂರ್ಯ ಎಲ್ಲವ್ನೆ, ನಾವು ಎಲ್ಲಿದ್ದೀವಿ ಅಂತ ಅಳೆಯೋದು. ಕಷ್ಟ ಐತೆ."