ಆಯುಧಪೂಜೆಯ ಮುನ್ನಾದಿನ ತುಂಬಿದ ಸ್ಟೋರೇಜು

ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಎಲ್ಲ ವಿಭಾಗಗಳ ಫೈಲುಗಳೂ ಬಂದು ಸೇರುವುದು ಒಂದೇ ದೊಡ್ಡ ಸ್ಟೋರೇಜಿಗೆ. ಅದರಲ್ಲಿ ಜಾಗ ಹಂಚುವುದಕ್ಕೆ ಎರಡು ದಾರಿ. ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದಂತೆ, ಬಳಸಲಿ ಬಿಡಲಿ, ಒಬ್ಬೊಬ್ಬರ ಪಾಲನ್ನೂ ಮೊದಲೇ ತೆಗೆದಿಡುವುದು ಒಂದು. ಕೇಳಿದವರಿಗೆಲ್ಲ ಹೂಂ ಅಂದು, ಫೈಲು ಬಂದ ಹಾಗೆ ಜಾಗ ಕೊಡುತ್ತಾ ಹೋಗುವುದು ಇನ್ನೊಂದು. ಸ್ಕ್ಯಾನ್ ವಿಭಾಗಕ್ಕಾದರೂ ತೆಗೆದಿಡೋಣ ಅಂತ ಮ್ಯಾನೇಜರಿಗೆ ಗೋಗರೆದೆ.

"ಖಾಲಿ ಜಾಗ ಸುಮ್ನೆ ಯಾಕ್ರೀ ಬಿದ್ದಿರ್ಬೇಕು? ಎಲ್ರೂ ಒಂದೇ ದಿನ ಬಂದು ತುಂಬ್ತಾರಾ?" ಅಂದು ಎರಡನೆಯ ದಾರಿಯನ್ನೇ ಹಿಡಿದರು.

ತುಂಬಿದರು. ಆಯುಧಪೂಜೆಯ ಹಿಂದಿನ ದಿನ. ಪೂಜೆಗೆ ಮುಂಚೆ ಕಂಪ್ಯೂಟರಿನ ಧೂಳು ಒರೆಸಿದರೆ ಸಾಲದು, ಒಳಗಿನ ಹಳೇ ಸಾಮಾನೂ ಖಾಲಿಯಾಗಬೇಕು ನಮ್ಮವರಿಗೆ. ಅಳಿಸಲು ಮಾತ್ರ ಮನಸ್ಸಿಲ್ಲ. ಎಲ್ಲ ವಿಭಾಗದವರೂ ವರ್ಷಗಳ ಕಸವನ್ನೆಲ್ಲ ನನ್ನ ಸ್ಟೋರೇಜಿಗೆ ಸುರಿಯತೊಡಗಿದರು. ಪ್ರತಿಯೊಬ್ಬರ ಪರದೆಯ ಮೇಲೂ ಕಾಣುತ್ತಿದ್ದದ್ದು ನಾವು ಹೂಂ ಅಂದಿದ್ದ ಜಾಗ, ಬೇಕಾದಷ್ಟು; ನಿಜಕ್ಕೂ ಉಳಿದದ್ದಲ್ಲ. ಪಾಪ, ಅವರನ್ನು ಬೈದು ಏನು ಪ್ರಯೋಜನ?

ನಾನು ಒಬ್ಬೊಬ್ಬರಿಗೇ ಫೋನು ಮಾಡಿ ನಿಲ್ಲಿಸಿ ಎನ್ನುತ್ತಿರುವಾಗಲೇ ಸ್ಕ್ಯಾನ್ ಕೋಣೆಯ ಹುಡುಗಿಯ ಫೋನು ಬಂತು.

"ಮೇಡಂ, ತಲೆಗೆ ಪೆಟ್ಟಾಗಿರೋ ಹೆಂಗಸಿನ ಸ್ಕ್ಯಾನು. ಸೇವ್ ಆಗ್ತಾನೇ ಇಲ್ಲ. ಡಾಕ್ಟ್ರು ಕೈ ತೊಳ್ಕೊಂಡು ಥಿಯೇಟರಲ್ಲಿ ಅದಕ್ಕೇ ಕಾಯ್ತಿದಾರೆ, ಹೊರಗೆ ಆಕೆ ಗಂಡ ಕೂತಿದಾರೆ!"

ಕೇಳಿ, ವಿಚಾರಿಸಿ ಅಳಿಸುವಷ್ಟು ವ್ಯವಧಾನವೆಲ್ಲಿ? ಕಣ್ಣಿಗೆ ಬಿದ್ದ ಅತಿ ದೊಡ್ಡ ಫೋಲ್ಡರು ಆಸ್ಪತ್ರೆಯ ವಾರ್ಷಿಕೋತ್ಸವದ ವಿಡಿಯೋಗಳದ್ದು. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಅಳಿಸಿಬಿಟ್ಟೆ. ಆದರೂ ಜಾಗ ತಕ್ಷಣ ವಾಪಸಾಗಲಿಲ್ಲ. ಆ ಹುಡುಗಿ ಫೋನಿನಲ್ಲಿ "ಮೇಡಂ, ಮೇಡಂ" ಅನ್ನುತ್ತಲೇ ಇದ್ದಳು. ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ, ಮ್ಯಾನೇಜರನ್ನು ಮನಸಾರೆ ಶಪಿಸಿದೆ.

"ಸೇವ್ ಆಯ್ತು ಮೇಡಂ! ಡಾಕ್ಟ್ರು ನೋಡ್ತಿದಾರೆ."

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದರು, ಹಣೆಯ ಮೇಲೆ ಕುಂಕುಮ, ಮುಖದಲ್ಲಿ ನಗು.

"ನೋಡಿದ್ರಾ? ಎಷ್ಟು ಹೆದರಿಸಿದ್ರಿ ನೀವು. ಕೊನೆಗೂ ಜಾಗ ಸಾಕಾಯ್ತಲ್ಲ!"

ಮೈಯೆಲ್ಲ ಉರಿದುಹೋಯಿತು.

"ಥಿಯೇಟರ್ ಹೊರಗೆ ಆ ಹೆಂಗಸಿನ ಗಂಡ ಕೂತಿದಾರೆ. ಈ ಮಾತನ್ನ ಅವ್ರಿಗೆ ಹೋಗಿ ಹೇಳಿ ಸಾರ್," ಅಂದೆ.

ಅವರು ಬಾಗಿಲವರೆಗೆ ಹೋಗಿ, ಅಲ್ಲೇ ನಿಂತರು.